ಬಸ್ಸು, ಬ್ಯಾಂಕು, ಬೂಸೊ, ಬಾಂಕೊ

ಪತ್ರಿಕೋದ್ಯಮ ಓದಲು ಹೋದವರಿಗೆ ಮೊದಲ ವಾರದಲ್ಲೇ ಒಂದು ಮಾತು ಹೇಳಿಕೊಡುತ್ತಾರೆ. ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ, ಮನುಷ್ಯ ನಾಯಿಯನ್ನು ಕಚ್ಚಿದರೆ ಸುದ್ದಿ. ನಾವೂ ಡಿಪ್ಲೊಮಾ ಮಾಡುವಾಗ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು, ಪರೀಕ್ಷೆಯಲ್ಲೂ ಬರೆದೆವು. ತಾಲ್ಲೂಕಿಗೆ ಬಂದ ಮೇಲೆ ಲೆಕ್ಕ ಬೇರೆಯಾಯಿತು. ಇಲ್ಲಿ ನಾಯಿ ಕಚ್ಚಿದ್ದೇ ಸುದ್ದಿ. ಕಚ್ಚಿಸಿಕೊಂಡವರಿಗೆ ಇಂಜೆಕ್ಷನ್ ಸಿಗಲಿಲ್ಲ ಎಂಬುದು ಇನ್ನೂ ದೊಡ್ಡ ಸುದ್ದಿ.

ಅದಿರಲಿ. ಈಗ ಆ ಮಾತು ಕೇಳಿದರೆ ನಮ್ಮ ಕಣ್ಣು ಹೋಗುವುದು ಅದರಲ್ಲಿರುವ 'ಅನ್ನು' ಎಂಬ ಪ್ರತ್ಯಯದ ಮೇಲೆ. ಇಂಗ್ಲಿಷಿನಲ್ಲಿ ನಾಯಿ ಮತ್ತು ಮನುಷ್ಯ ಜಾಗ ಅದಲುಬದಲು ಮಾಡಿಕೊಂಡರೆ ಕಚ್ಚಿದವರು ಯಾರು, ಕಚ್ಚಿಸಿಕೊಂಡವರು ಯಾರು ಎಂಬುದೇ ತಿರುಗಿಬೀಳುತ್ತದೆ. ಕನ್ನಡದಲ್ಲಿ ಹಾಗಿಲ್ಲ. 'ನಾಯಿ ಮನುಷ್ಯನನ್ನು ಕಚ್ಚಿತು' ಅನ್ನಿ, 'ಮನುಷ್ಯನನ್ನು ನಾಯಿ ಕಚ್ಚಿತು' ಅನ್ನಿ, ಇಂಜೆಕ್ಷನ್ ಬೇಕಾಗಿರುವುದು ಮನುಷ್ಯನಿಗೇ. 'ಅನ್ನು' ಯಾರ ಬೆನ್ನಿಗೆ ಅಂಟಿದೆಯೋ ಅವರೇ ಕಚ್ಚಿಸಿಕೊಂಡವರು.

ಇದೇ ಏರ್ಪಾಡು ಇರುವ ಇನ್ನೊಂದು ಭಾಷೆಯನ್ನು ನಾವು ಎರಡು ವರ್ಷದಿಂದ ಮೊಬೈಲಿನಲ್ಲಿ ಕಲಿಯುತ್ತಿದ್ದೇವೆ. ಹೆಸರು ಎಸ್ಪೆರಾಂತೊ. ಅದರಲ್ಲಿ ಹುಂದೊ ಎಂದರೆ ನಾಯಿ. ವೀರೊ ಎಂದರೆ ಗಂಡಸು. ಲ್ಯಾಟಿನ್ನಿನಿಂದ ಬಂದ ಪದ, ಸಂಸ್ಕೃತದ 'ವೀರ'ನಿಗೆ ದೂರದ ನೆಂಟ. ಮೊರ್ದಿಸ್ ಎಂದರೆ ಕಚ್ಚಿತು. 'ಹುಂದೊ ಮೊರ್ದಿಸ್ ವೀರೊನ್' ಅಂದರೂ ಅಷ್ಟೇ, 'ವೀರೊನ್ ಮೊರ್ದಿಸ್ ಹುಂದೊ' ಅಂದರೂ ಅಷ್ಟೇ. ಕೊನೆಯ ಆ 'ನ್' ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ. ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದ ಪಾಠಗಳಲ್ಲಿ ಈ 'ನ್' ಬಂದಾಗ ಬಹಳ ಹೆದರಿಸುತ್ತಾರೆ, ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ನಮಗೆ ಅದು ಒಂದು ಚಹಾ ಮುಗಿಯುವಷ್ಟರಲ್ಲಿ ತಲೆಗೆ ಹತ್ತಿತು.

ಎಸ್ಪೆರಾಂತೊ ಯಾವುದೋ ದೇಶದ ಭಾಷೆಯಲ್ಲ. ಒಬ್ಬ ಕಣ್ಣಿನ ಡಾಕ್ಟರು ಕೂತು ಕಟ್ಟಿದ ಭಾಷೆ. ಅವರ ಹೆಸರು ಲುಡ್ವಿಕ್ ಝಾಮೆನ್‌ಹೋಫ್. 1859ರಲ್ಲಿ ಬಿಯಾಲಿಸ್ತೋಕ್ ಎಂಬ ಊರಿನಲ್ಲಿ ಹುಟ್ಟಿದರು. ಈಗ ಅದು ಪೋಲೆಂಡಿನಲ್ಲಿದೆ, ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. 1887ರಲ್ಲಿ ವಾರ್ಸಾದಲ್ಲಿ ರಷ್ಯನ್ ಭಾಷೆಯಲ್ಲಿ 40 ಪುಟದ ಒಂದು ಪುಸ್ತಕ ಅಚ್ಚು ಹಾಕಿಸಿದರು. ತಮ್ಮ ಹೆಸರು ಹಾಕದೆ 'ಡಾಕ್ಟರ್ ಎಸ್ಪೆರಾಂತೊ' ಎಂದು ಹಾಕಿಕೊಂಡರು. ಆ ಪದಕ್ಕೆ ಭರವಸೆ ಇಟ್ಟುಕೊಂಡವನು ಎಂದು ಅರ್ಥ. ಆಮೇಲೆ ಭಾಷೆಗೇ ಆ ಹೆಸರು ನಿಂತಿತು. ಪುಸ್ತಕದಲ್ಲಿದ್ದದ್ದು 16 ನಿಯಮ, ಸುಮಾರು 900 ಮೂಲ ಪದ. ಹದಿನಾರೇ ನಿಯಮ ಎಂಬುದರಲ್ಲಿ ಸ್ವಲ್ಪ ಜಾಹೀರಾತೂ ಇದೆ ಎಂದು ನಮ್ಮ ಅನಿಸಿಕೆ. ಯುರೋಪಿನ ಭಾಷೆ ಬಲ್ಲವರಿಗೆ ಹೇಳದೆಯೇ ತಿಳಿಯುವ ಎಷ್ಟೋ ಸಂಗತಿಗಳು ಆ ಹದಿನಾರರ ಹೊರಗೆ ಇವೆ.

ನಮ್ಮಂಥ ಸ್ಟ್ರಿಂಗರುಗಳಿಗೆ ಇದೆಲ್ಲ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಸುದ್ದಿ ಮಾಡುವ ಕೆಲಸದಲ್ಲಿ ಅರ್ಧಕ್ಕರ್ಧ ಕಾಯುವುದೇ ಇರುತ್ತದೆ. ತಹಶೀಲ್ದಾರರು ಮೀಟಿಂಗಿನಲ್ಲಿದ್ದಾರೆ, ಕಾಯಿರಿ. ಮಂತ್ರಿಗಳ ಕಾರು ಹಿಂದಿನ ಊರು ಬಿಟ್ಟಿದೆ, ಕಾಯಿರಿ. ಪೋಸ್ಟ್‌ಮಾರ್ಟಮ್ ವರದಿ ಬಂದಿಲ್ಲ, ಕಾಯಿರಿ. ಡುಯೊಲಿಂಗೊ ಆ್ಯಪ್‌ನಲ್ಲಿ 2015ರಿಂದ ಎಸ್ಪೆರಾಂತೊ ಪಾಠ ಸಿಗುತ್ತದೆ, ಇಂಗ್ಲಿಷ್ ಮೂಲಕ. ಕಾಯುವ ಹೊತ್ತಿನಲ್ಲಿ ರೀಲ್ಸ್ ನೋಡುವ ಬದಲು ಅದನ್ನು ತೆರೆದೆವು, ಅಷ್ಟೇ. ಮುಂದುವರಿಸಿಕೊಂಡು ಹೋದದ್ದಕ್ಕೆ ಕಾರಣ ಬೇರೆ. ವಿದೇಶಿ ಭಾಷೆಯ ಪಾಠದಲ್ಲಿ ಅಡಿಗಡಿಗೆ ನಮ್ಮ ಮನೆಯ ಸಾಮಾನೇ ಕಣ್ಣಿಗೆ ಬೀಳತೊಡಗಿತ್ತು.

ಝಾಮೆನ್‌ಹೋಫ್ ಅವರಿಗೆ ಇದರ ದಾರಿ ಹೊಳೆದದ್ದು ಅಂಗಡಿಯ ಬೋರ್ಡು ನೋಡಿ. ಅದನ್ನು ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಶಾಲೆಯಲ್ಲಿ ಓದುವಾಗಲೇ ಹೊಸ ಭಾಷೆಯ ಹುಚ್ಚು ಹಿಡಿದಿತ್ತು, ಆದರೆ ಸಾವಿರಾರು ಪದಗಳನ್ನು ಜನ ಬಾಯಿಪಾಠ ಮಾಡುವುದು ಹೇಗೆ ಎಂಬುದೇ ಚಿಂತೆ. ಒಂದು ದಿನ ಬೀದಿಯಲ್ಲಿ ಕಾವಲುಗಾರನ ಕೋಣೆಯ ಮೇಲಿನ ರಷ್ಯನ್ ಬೋರ್ಡು ಕಂಡಿತು, ಅದರ ಕೊನೆಯಲ್ಲಿ 'ಸ್ಕಾಯಾ' ಎಂದಿತ್ತು. ಮಿಠಾಯಿ ಅಂಗಡಿಯ ಬೋರ್ಡು ನೋಡಿದರೆ ಅದರ ಬಾಲದಲ್ಲೂ 'ಸ್ಕಾಯಾ'. ದಿನಾ ನೋಡುತ್ತಿದ್ದ ಬೋರ್ಡುಗಳೇ. ಅವತ್ತು ಮಾತ್ರ, ಒಂದು ಬಾಲ ಕಲಿತರೆ ನೂರು ಪದ ತಾವೇ ಹುಟ್ಟುತ್ತವೆ ಎಂಬುದು ಹೊಳೆಯಿತು.

ನಮ್ಮ ಪೇಟೆಯಲ್ಲಿ ನಿಂತಿದ್ದರೆ ಅವರಿಗೆ ಇನ್ನೂ ಬೇಗ ಹೊಳೆಯುತ್ತಿತ್ತೇನೋ. ಬಳೆಗಾರ, ಹೂಗಾರ, ಪಾಲುಗಾರ, ಸಾಲಗಾರ, ಕೊನೆಗೆ ವರದಿಗಾರ. ಈ 'ಗಾರ'ಕ್ಕೆ ಎಸ್ಪೆರಾಂತೊದಲ್ಲಿ 'ಇಸ್ತ್' ಇದೆ. ಹಳ್ಳಿಗ ಎನ್ನುವಲ್ಲಿನ 'ಇಗ'ಕ್ಕೆ 'ಆನ್' ಇದೆ: ವಿಲಾಜೊ ಎಂದರೆ ಹಳ್ಳಿ, ವಿಲಜಾನೊ ಎಂದರೆ ಹಳ್ಳಿಗ. ಅಡುಗೆಮನೆ, ಸೆರೆಮನೆ ಎಂದು ನಾವು 'ಮನೆ' ಹಚ್ಚುವ ಕಡೆ ಅವರು 'ಏಯ್' ಹಚ್ಚುತ್ತಾರೆ. ಕುಯಿರಿ ಎಂದರೆ ಅಡುಗೆ ಮಾಡುವುದು, ಕುಯಿರೇಯೊ ಎಂದರೆ ಅಡುಗೆಮನೆ. ಲೆರ್ನಿ ಎಂದರೆ ಕಲಿಯುವುದು, ಲೆರ್ನೇಯೊ ಎಂದರೆ ಶಾಲೆ.

ನಮಗೆ ಬಹಳ ಇಷ್ಟವಾದ ಪದ ಆಸ್ಪತ್ರೆ. 'ಸಾನ' ಎಂದರೆ ಆರೋಗ್ಯವಾಗಿರುವ. ಅದರ ಮುಂದೆ 'ಮಲ್' ಹಚ್ಚಿದರೆ ತದ್ವಿರುದ್ಧ: ಮಲ್‌ಸಾನ, ಕಾಯಿಲೆಯ. 'ಉಲ್' ಹಚ್ಚಿದರೆ ಅಂಥ ಮನುಷ್ಯ: ಮಲ್‌ಸನೂಲೊ, ರೋಗಿ. 'ಏಯ್' ಹಚ್ಚಿದರೆ ಅವರಿರುವ ಜಾಗ: ಮಲ್‌ಸನುಲೇಯೊ. ಆರೋಗ್ಯ ಇಲ್ಲದವರ ಮನೆ. ಕಬ್ಬಿನ ಸೀಸನ್ನಿನಲ್ಲಿ ನಮ್ಮ ಬಾಗಲಕೋಟೆ ಕಡೆ ಒಂದೇ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತಾರಲ್ಲ, ಹಾಗೆ. ಈ ಬಗೆಯ ಭಾಷೆಗಳನ್ನು ಅಂಟುವ ಭಾಷೆಗಳು ಎನ್ನುತ್ತಾರೆ. ಕನ್ನಡ, ತಮಿಳು, ತೆಲುಗು ಅಂಥವು. ತುರ್ಕಿ, ಫಿನ್‌ಲೆಂಡಿನ ಫಿನ್ನಿಷ್, ಹಂಗೇರಿಯ ಹಂಗೇರಿಯನ್ ಕೂಡ ಅಂಥವೇ. 'ಮಾಡಿಸಿಕೊಳ್ಳದವರಿಗೂ' ಎಂಬ ಒಂದು ಪದವನ್ನು ಬಿಡಿಸಿ ನೋಡಿ, ಎಷ್ಟು ಟ್ರೇಲರ್ ಇವೆ ಎಂದು ತಿಳಿಯುತ್ತದೆ. ಲಸಿಕೆ ಸುದ್ದಿ ಬರೆಯುವಾಗ ಎಷ್ಟು ಸಲ ಆ ಪದ ಬರೆದಿದ್ದೇವೋ.

ಆ ಪದದ ಒಳಗಿನ 'ಇಸು' ಇದೆಯಲ್ಲ, ಅದೂ ಅಲ್ಲಿದೆ. ನಾವು ತಿನ್ನು, ತಿನ್ನಿಸು. ಕುದಿ, ಕುದಿಸು ಎನ್ನುತ್ತೇವೆ. ಅವರು ಬೋಲಿ, ಬೊಲೀಗಿ ಎನ್ನುತ್ತಾರೆ. ಬೋಲಿ ತಾನೇ ಕುದಿಯುವುದು, ಬೊಲೀಗಿ ಕುದಿಸುವುದು. ಓಡುವುದಕ್ಕೆ ಕೂರಿ, ಓಡಿಸುವುದಕ್ಕೆ ಕುರೀಗಿ. ಆಜ್ಞೆ ಮಾಡುವಾಗ ಕ್ರಿಯಾಪದದ ಕೊನೆಗೆ 'ಉ' ಬರುತ್ತದೆ. ಆದ್ದರಿಂದ ಎಸ್ಪೆರಾಂತೊದಲ್ಲಿ ಯಾರಾದರೂ 'ಕೂರು!' ಎಂದರೆ ಕುರ್ಚಿ ಹುಡುಕಬೇಡಿ, ಓಡು ಎಂದು ಅರ್ಥ.

ಸುದ್ದಿಯವರಿಗೆ ಹೇಳಿ ಮಾಡಿಸಿದ ಸಾಲೊಂದಿದೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಸುದ್ದಿ ಅಲ್ಲ ಎಂದು ಕಲಿತವರು ನಾವು. ಎಸ್ಪೆರಾಂತೊದಲ್ಲಿ ಆರೂ 'ಕಿ'ಯಿಂದ ಶುರು: ಕೀವು, ಕೀಯೊ, ಕೀಯೆ, ಕೀಯಮ್, ಕೀಯಲ್, ಕೀಯೆಲ್. ಮೊದಲನೆಯದು 'ಯಾರು', ನಗಬೇಡಿ. 'ಕಿ' ತೆಗೆದು 'ತಿ' ಇಟ್ಟರೆ ಉತ್ತರ: ಕೀಯೆ ಎಂದರೆ ಎಲ್ಲಿ, ತೀಯೆ ಎಂದರೆ ಅಲ್ಲಿ. 'ಚಿ' ಇಟ್ಟರೆ ಎಲ್ಲೆಲ್ಲೂ, 'ನೆನಿ' ಇಟ್ಟರೆ ಎಲ್ಲೂ ಇಲ್ಲ. ಇಂಥ 45 ಪದಗಳ ಕೋಷ್ಟಕವನ್ನು ಅಲ್ಲಿ ದೊಡ್ಡ ಜಾಣತನ ಎಂದು ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಎಲ್ಲಿ-ಅಲ್ಲಿ-ಇಲ್ಲಿ, ಎಷ್ಟು-ಅಷ್ಟು-ಇಷ್ಟು, ಹ್ಯಾಂಗ-ಹಾಂಗ-ಹೀಂಗ ಎಂದು ನಮ್ಮ ಅಂಗನವಾಡಿ ಮಕ್ಕಳು ಯಾರೂ ಕೋಷ್ಟಕ ಹಾಕಿಕೊಡದೆ ಆಡುತ್ತಾರೆ. ಅಷ್ಟೇ ಅಲ್ಲ, ಹತ್ತಿರದ್ದಕ್ಕೆ ನಮ್ಮಲ್ಲಿ 'ಇ' ಬೇರೆಯೇ ಇದೆ. ಅವರು 'ಇಲ್ಲಿ' ಎನ್ನಬೇಕಾದರೆ 'ಅಲ್ಲಿ'ಯ ಜೊತೆ ಇನ್ನೊಂದು ಪದ ಸೇರಿಸಿ ಸಂಭಾಳಿಸುತ್ತಾರೆ.

ಸದ್ದಿನ ವಿಷಯಕ್ಕೆ ಬಂದರೆ, ಬರೆದಂತೆ ಓದುವ ಭಾಷೆ. ಒಂದು ಅಕ್ಷರಕ್ಕೆ ಒಂದೇ ಸದ್ದು, ಒಟ್ಟು 28 ಅಕ್ಷರ. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಪೆಟ್ಟು ತಿಂದವರಿಗೆ ಇದೇ ದೊಡ್ಡ ಸಮಾಧಾನ. ಟ, ಡ, ಣ, ಳ ಇಲ್ಲ. ಮಹಾಪ್ರಾಣ ಇಲ್ಲ. ಮಹಾಪ್ರಾಣ ಬಾರದೆ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು ನಮ್ಮೂರಲ್ಲಿ ಅರ್ಧ ಜನ ಇದ್ದಾರೆ, ಅವರೆಲ್ಲ ಇಲ್ಲಿ ಪಾಸು. ಹ್ರಸ್ವ-ದೀರ್ಘದ ಭೇದವೂ ಇಲ್ಲ. ನಮಗೆ ಕರು ಬೇರೆ ಕಾರು ಬೇರೆ, ಕೊಡು ಬೇರೆ ಕೋಡು ಬೇರೆ. ಅಲ್ಲಿ ಎಳೆದರೂ ಒಂದೇ, ಎಳೆಯದಿದ್ದರೂ ಒಂದೇ. ಒತ್ತು ಮಾತ್ರ ಯಾವಾಗಲೂ ಕೊನೆಯಿಂದ ಎರಡನೆಯ ಸ್ವರದ ಮೇಲೆ ಬೀಳಬೇಕು, ಎಸ್ಪೆ-ರಾಂ-ತೊ. ಪದದ ಮೊದಲಿಗೆ ಒತ್ತು ಹಾಕುವ ನಮ್ಮ ನಾಲಿಗೆಗೆ ಇದನ್ನು ರೂಢಿಸಲು ಸಮಯ ಬೇಕಾಯಿತು. 'ತ್ಸ' ಎಂಬ ಸದ್ದು ಬೆಳಗಾವಿ ಕಡೆ ಮರಾಠಿ ಮಾತಾಡುವವರಿಗೆ ಸಲೀಸು. ಗಂಟಲಿನ 'ಖ್' ಉರ್ದು ಬಲ್ಲವರಿಗೆ ಸಲೀಸು.

ಆರು ಅಕ್ಷರಗಳ ತಲೆಯ ಮೇಲೆ ಟೋಪಿಯಂಥ ಗುರುತುಗಳಿವೆ. ಝಾಮೆನ್‌ಹೋಫ್ ಮಾಡಿದ್ದರಲ್ಲಿ ನಮಗೆ ಒಪ್ಪಿಗೆಯಾಗದ್ದು ಇದು. ಹಳೆಯ ಟೈಪ್‌ರೈಟರುಗಳಲ್ಲಿ ಆ ಅಕ್ಷರ ಮೂಡುತ್ತಿರಲಿಲ್ಲ, ಮೊದಮೊದಲ ಕಂಪ್ಯೂಟರುಗಳಲ್ಲೂ ಮೂಡುತ್ತಿರಲಿಲ್ಲ. ನಮ್ಮ ಹಳೆಯ ಮೊಬೈಲುಗಳಲ್ಲಿ ಕನ್ನಡದ ಮೆಸೇಜು ಬಂದರೆ ಬರೀ ಡಬ್ಬಿ ಡಬ್ಬಿ ಕಾಣುತ್ತಿತ್ತಲ್ಲ, ಆ ಪಾಡು. ಎಲ್ಲರಿಗೂ ಸುಲಭವಾಗಲಿ ಎಂದು ಮಾಡಿದ ಭಾಷೆಗೆ ಟೋಪಿ ಯಾಕೆ ಹಾಕಿಸಬೇಕಿತ್ತು?

ನಮ್ಮ ಅವ್ವನ ತಕರಾರು ಬೇರೆ. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಪಾಠ ಓದುತ್ತಿದ್ದೆವು. 'ಇದ್' ಎಂದರೆ ಮರಿ. ಶಾಫೊ ಕುರಿ, ಶಫೀದೊ ಕುರಿಮರಿ. ಕೋಕೊ ಕೋಳಿ, ಕೊಕೀದೊ ಕೋಳಿಮರಿ. ಅಲ್ಲಿಯವರೆಗೆ ಅವ್ವ ತಲೆದೂಗಿದಳು. ಆಮೇಲೆ 'ಇನ್' ಬಂತು. 'ಇನ್' ಹಚ್ಚಿದರೆ ಹೆಣ್ಣು. ಪಾತ್ರೊ ಎಂದರೆ ಅಪ್ಪ, ಪತ್ರೀನೊ ಎಂದರೆ ಅವ್ವ.

"ಅಪ್ಪಗ ಒಂದ್ ಬಾಲ ಹಚ್ಚಿದ್ರ ಅವ್ವ ಆಗ್ತಾಳೇನಪಾ?" ಎಂದಳು. "ಹಡದಾಕಿ ಯಾರು?"

ಉತ್ತರ ನಮ್ಮ ಬಳಿ ಇರಲಿಲ್ಲ. ಎಸ್ಪೆರಾಂತೊ ಆಡುವವರ ನಡುವೆಯೂ ಈ ಬಗ್ಗೆ ಬಹಳ ಕಾಲದಿಂದ ಜಗಳ ಇದೆ. ಪದ ಉಳಿಸಲು ಹೋಗಿ ತಾಯಿಯನ್ನೇ ಪ್ರತ್ಯಯಕ್ಕೆ ಇಳಿಸಿದ್ದು ಆ ಕಾಲದ ಗಂಡಸಿನ ಬುದ್ಧಿ, ಬೇರೇನಲ್ಲ. ಅಣ್ಣ, ತಮ್ಮ ಇಬ್ಬರಿಗೂ ಅಲ್ಲಿ ಒಂದೇ ಪದ. ಸೋದರಮಾವ, ಚಿಕ್ಕಪ್ಪ, ದೊಡ್ಡಪ್ಪ ಮೂವರಿಗೂ ಒಂದೇ. ನಮ್ಮ ಕಡೆ ಮದುವೆ ಮಾತುಕತೆ ಆ ಭಾಷೆಯಲ್ಲಿ ನಡೆದರೆ ಅರ್ಧ ದಾರಿಗೇ ನಿಂತುಹೋದೀತು.

ಕಟ್ಟಿದ ಭಾಷೆಗೂ ಬೆಳೆದ ಭಾಷೆಗೂ ಇರುವ ವ್ಯತ್ಯಾಸ ಕಾಣುವುದು ಬೆಸುಗೆಯಲ್ಲಿ. ಲೋಪ, ಆಗಮ, ಆದೇಶ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬೇಕು. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ, ಒಂದು 'ಉ' ಹೋಯಿತು. ಮನೆ ಮತ್ತು ಅನ್ನು ಸೇರಿದರೆ ಮನೆಯನ್ನು, ಒಂದು 'ಯ' ಬಂತು. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, 'ಕ' ಹೋಗಿ 'ಗ' ಬಂತು. ಆಡುಮಾತಿನಲ್ಲಂತೂ 'ಹೋಗಲಿಕ್ಕೆ ಹತ್ತಿದ್ದೇನೆ' ಎಂಬುದು ಕರಗಿ ಕರಗಿ 'ಹೋಗಾಕತ್ತೀನಿ' ಆಗಿದೆ. ಸಾವಿರಾರು ವರ್ಷ ಸಾವಿರಾರು ಬಾಯಿಯಲ್ಲಿ ಉರುಳಿದ ಕಲ್ಲು ಅದು, ಮೂಲೆಗಳೆಲ್ಲ ಸವೆದಿವೆ. ಎಸ್ಪೆರಾಂತೊದಲ್ಲಿ ಸಂಧಿ ಇಲ್ಲ. ಬೋಲ್ಟು ಹಾಕಿದ ಜಾಗ ಹಾಗೇ ಕಾಣುತ್ತದೆ, ಬಿಚ್ಚಿದರೆ ಎಲ್ಲ ಭಾಗ ಇಡಿಯಾಗಿ ಕೈಗೆ ಬರುತ್ತವೆ. ಬರು ಎಂಬುದು ಬಂದ ಆಗುವುದು, ಕೊಡು ಎಂಬುದು ಕೊಟ್ಟ ಆಗುವುದು, ಇಂಥ ರಗಳೆಯೂ ಇಲ್ಲ. 'ಅಸ್' ವರ್ತಮಾನ, 'ಇಸ್' ಭೂತ, 'ಓಸ್' ಭವಿಷ್ಯ. ಯಾವ ಕ್ರಿಯಾಪದವೂ ಇದಕ್ಕೆ ಹೊರತಲ್ಲ.

ಈಗ ಬಸ್ಸಿನ ವಿಷಯ. ಡಿಪ್ಲೊಮಾ ತರಗತಿಯಲ್ಲಿ ಒಬ್ಬ ಉಪನ್ಯಾಸಕರು ನಮ್ಮ ಬರಹವನ್ನು ಎತ್ತಿ ಹಿಡಿದು ಎಲ್ಲರ ಮುಂದೆ ಓದಿದ್ದರು. ಬಸ್ಸು, ಬ್ಯಾಂಕು, ರೋಡು, ಕಾರ್ಡು. ಪ್ರತಿ 'ಉ'ಕಾರವನ್ನೂ ಎಳೆದು ಎಳೆದು ಓದಿದರು. ಇಂಗ್ಲಿಷ್ ಪದದ ಕುತ್ತಿಗೆಗೆ ಗಂಟೆ ಕಟ್ಟುವ ಹಳ್ಳಿ ಚಾಳಿ ಇದು, ಪತ್ರಿಕೆಗೆ ಬರುವುದಾದರೆ ಇದನ್ನು ಬಿಟ್ಟು ಬನ್ನಿ ಎಂದರು. ನಗರದಿಂದ ಬಂದವರು ನಕ್ಕರು. ನಮ್ಮ ಹಾಗೆ ಹಳ್ಳಿಯಿಂದ ಬಂದಿದ್ದ ಒಬ್ಬ ಗೆಳೆಯ ಅವತ್ತಿನಿಂದ ತರಗತಿಯಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ. ಕೋರ್ಸು ಮುಗಿಯುವ ಮೊದಲೇ ಊರಿಗೆ ಹೋದ. ಕೇಳಿದರೆ ಹೊಲದ ಕೆಲಸ ಇತ್ತು ಎನ್ನುತ್ತಾನೆ.

ಎಸ್ಪೆರಾಂತೊದಲ್ಲಿ ಬಸ್ಸಿಗೆ ಬೂಸೊ. ಬ್ಯಾಂಕಿಗೆ ಬಾಂಕೊ. ಕಾರ್ಡಿಗೆ ಕಾರ್ತೊ. ಫೋನಿಗೆ ತೆಲೆಫೋನೊ. ಯಾವ ದೇಶದಿಂದ ಬಂದ ಪದವೇ ಆಗಲಿ, ನಾಮಪದವಾದರೆ ಕೊನೆಗೆ 'ಒ' ಬೀಳಲೇಬೇಕು, ಅದು ಆ ಭಾಷೆಯ ಮೊದಲ ನಿಯಮಗಳಲ್ಲಿ ಒಂದು. ಯಾಕೆ ಎಂದರೆ ಕೊಡಲಿಗೆ ಕಾವು ಬೇಕಾದ ಹಾಗೆ ಅಂಟುವ ಭಾಷೆಯಲ್ಲಿ ಪದಕ್ಕೆ ಹಿಡಿಯಲು ಏನಾದರೂ ಬೇಕು. ಬೂಸೊ, ಬಹುವಚನಕ್ಕೆ ಬೂಸೊಯ್, 'ಬಸ್ಸುಗಳನ್ನು' ಎನ್ನಲು ಬೂಸೊಯ್ನ್. ನಮ್ಮ ಬಸ್ಸು, ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸುಗಳನ್ನು ಎಂಬುದೂ ಅದೇ ಕೆಲಸ. ಕೊನೆಯ 'ಉ' ಗಂಟೆಯಲ್ಲ, ಕಾವು. ಅದು ಇರುವುದರಿಂದಲೇ ಹೊರಗಿನಿಂದ ಬಂದ ಪದ ನಾಲ್ಕೇ ದಿನದಲ್ಲಿ ನಮ್ಮ ಮನೆಯವರ ಹಾಗೆ ಓಡಾಡುತ್ತದೆ. ತೆಲೆಫೋನೊ ಬದಲು ತೆಲೆಫೋನಿಸ್ ಎಂದರೆ ಫೋನ್ ಮಾಡಿದರು ಎಂದು ಅರ್ಥ. ನಮ್ಮ ಪತ್ರಿಕೆಗಳು 'ಫೋನಾಯಿಸಿದರು' ಎಂದು ಬರೆಯುವುದೂ ಇದೇ ಜಾಡು. ಲೋಕಕ್ಕೆಲ್ಲ ಒಂದು ಭಾಷೆ ಕಟ್ಟಲು ಕೂತ ವಿದ್ವಾಂಸರು ಆಯ್ದುಕೊಂಡ ಉಪಾಯವನ್ನು ನಮ್ಮ ಕಂಡಕ್ಟರು, ಕಟ್ಟಡ ಕೆಲಸದವರು, ಸಂತೆಯ ಹೆಂಗಸರು ಯಾರನ್ನೂ ಕೇಳದೆ ದಿನಾ ಮಾಡುತ್ತಿದ್ದಾರೆ. ಗೆಳೆಯನಿಗೆ ಇದನ್ನು ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಯಾಕ ಹೇಳಲಿಲ್ಲೋ" ಎಂದ.

ಝಾಮೆನ್‌ಹೋಫ್ ಇದನ್ನೆಲ್ಲ ಮಾಡಿದ್ದು ಪದಗಳ ಆಟಕ್ಕಲ್ಲ. ಬಿಯಾಲಿಸ್ತೋಕಿನಲ್ಲಿ ರಷ್ಯನ್ನರು, ಪೋಲಿಷರು, ಜರ್ಮನ್ನರು, ಯೆಹೂದಿಗಳು ನಾಲ್ಕು ಭಾಷೆ ಆಡುತ್ತಾ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದರು. ಯಾರದ್ದೂ ಅಲ್ಲದ ಒಂದು ಭಾಷೆ ಇದ್ದರೆ ಜಗಳ ಕಡಿಮೆಯಾದೀತು ಎಂದು ಯೆಹೂದಿ ಮನೆಯ ಆ ಹುಡುಗನಿಗೆ ಅನಿಸಿತು. ಹಾಗೇನೂ ಆಗಲಿಲ್ಲ. 1906ರಲ್ಲಿ ಅದೇ ಊರಿನಲ್ಲಿ ಯೆಹೂದಿಗಳ ಕಗ್ಗೊಲೆ ನಡೆಯಿತು. ಅವರು ತೀರಿಕೊಂಡದ್ದು 1917ರಲ್ಲಿ. ಹಿಟ್ಲರ್ ತನ್ನ ಪುಸ್ತಕದಲ್ಲಿ ಎಸ್ಪೆರಾಂತೊ ಹೆಸರೆತ್ತಿ ಬೈದಿದ್ದ. ಸ್ಟಾಲಿನ್ ಕಾಲದ ರಷ್ಯಾದಲ್ಲೂ ಈ ಭಾಷೆ ಆಡುವವರನ್ನು ಹಿಡಿದು ಸೆರೆಗೆ ಹಾಕಿದರು, ಕೊಂದರು. ಝಾಮೆನ್‌ಹೋಫ್ ಅವರ ಮಗ ಆಡಮ್ ಅವರನ್ನು 1940ರಲ್ಲಿ ನಾಜಿಗಳು ಗುಂಡಿಟ್ಟು ಕೊಂದರು. ಹೆಣ್ಣುಮಕ್ಕಳಾದ ಸೋಫಿಯಾ, ಲಿಡಿಯಾ ಇಬ್ಬರೂ 1942ರಲ್ಲಿ ಟ್ರೆಬ್ಲಿಂಕಾದ ಸಾವಿನ ಶಿಬಿರದಲ್ಲಿ ಹೋದರು. ಲಿಡಿಯಾ ದೇಶ ದೇಶ ತಿರುಗಿ ಎಸ್ಪೆರಾಂತೊ ಕಲಿಸುತ್ತಿದ್ದವರು. 1937ರಲ್ಲಿ ಅಮೆರಿಕಕ್ಕೂ ಹೋಗಿದ್ದರು. ವೀಸಾ ಮುಂದುವರಿಯದೆ 1938ರ ಕೊನೆಗೆ ಪೋಲೆಂಡಿಗೆ ಮರಳಿದ್ದರು.

ಅಷ್ಟು ದ್ವೇಷದ ನಡುವೆ ಬೆಳೆದವರು ಕಟ್ಟಿದ ಭಾಷೆಯಲ್ಲಿ ನೀನು-ನೀವು ಎಂಬ ಎರಡು ದಾರಿ ಇಲ್ಲ. ಎಲ್ಲರಿಗೂ 'ವಿ'. 'ನೀನು' ಎನ್ನಲು 'ತ್ಸಿ' ಎಂಬ ಪದ ಪುಸ್ತಕದಲ್ಲಿದೆ, ಬಳಸುವವರು ಇಲ್ಲವೆನ್ನುವಷ್ಟು ಕಡಿಮೆ. ಕ್ರಿಯಾಪದಕ್ಕೂ ಆಳು ನೋಡಿ ಬಾಲ ಬದಲಾಗುವುದಿಲ್ಲ. 'ಮೊರ್ತಿಸ್' ಎಂದರೆ ಸತ್ತ, ಸತ್ತಳು, ತೀರಿಕೊಂಡರು, ಎಲ್ಲವೂ. ರಾಜ ಸತ್ತರೂ ಮೊರ್ತಿಸ್, ಕೂಲಿಯವನು ಸತ್ತರೂ ಮೊರ್ತಿಸ್.

ನಮ್ಮಲ್ಲಿ ಅದೊಂದು ಪ್ರತ್ಯಯದಲ್ಲಿ ಮನುಷ್ಯನ ತೂಕ ಇದೆ. ಊರಲ್ಲಿ ಎಪ್ಪತ್ತು ವರ್ಷದ ಮುದುಕರನ್ನು, ಅವರ ಕೇರಿ ಯಾವುದು ಎಂದು ನೋಡಿಕೊಂಡು, ಮೀಸೆ ಮೂಡದ ಹುಡುಗರು ನೀನು ಎನ್ನುವುದನ್ನು ನೀವೂ ಕೇಳಿದ್ದೀರಿ, ನಾವೂ ಕೇಳಿದ್ದೇವೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯಲ್ಲಿ ಬಾವಿಯ ಹೂಳೆತ್ತುವಾಗ ಮಣ್ಣು ಕುಸಿದು ಕೂಲಿ ಕೆಲ್ಸದ ಹಿರಿಯರೊಬ್ಬರು ತೀರಿಕೊಂಡರು. ಮೊಮ್ಮಕ್ಕಳಿದ್ದವರು. 'ಮೃತಪಟ್ಟಿದ್ದಾರೆ' ಎಂದು ಬರೆದು ಕಳಿಸಿದೆವು. ಮರುದಿನ ಪತ್ರಿಕೆಯಲ್ಲಿ 'ಮೃತಪಟ್ಟಿದ್ದಾನೆ' ಎಂದು ಬಂತು. ಅದೇ ಪುಟದ ಮೇಲ್ಭಾಗದಲ್ಲಿ ಒಬ್ಬ ಮುಖಂಡರು 'ನಿಧನರಾಗಿದ್ದಾರೆ'. ಡೆಸ್ಕಿಗೆ ಫೋನ್ ಮಾಡಿ ಕೇಳಿದರೆ, ಅದು ನಮ್ಮ ಸ್ಟೈಲು, ಕೂಲಿಕಾರರಿಗೆ ಹಾಗೇ ಬರೆಯುವುದು ಎಂದರು. ಸತ್ತವರ ಮಗ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾನೆ, ಪರಿಹಾರದ ಅರ್ಜಿಯ ಜೊತೆ ಲಗತ್ತಿಸಬೇಕಂತೆ.

ಅದಾದ ಮೇಲೆ ಅಂಥ ಮೂರು ಸುದ್ದಿ ಬರೆದಿದ್ದೇವೆ. ಮೂರರಲ್ಲೂ 'ಇದ್ದಾರೆ' ಎಂದೇ ಬರೆದೆವು. ಎರಡನ್ನು ತಿದ್ದಿದರು. ಒಂದು ಹಾಗೇ ಬಂತು.